ಬಚ್ಚಲ ಕಿಟಕಿಯ ಸಮಿತಿ

ಲೋಕದಲ್ಲಿ ಸಂಘಗಳು ಹುಟ್ಟುವುದಕ್ಕೆ ದೊಡ್ಡ ದೊಡ್ಡ ಕಾರಣಗಳಿರುತ್ತವೆ. ಒಂದು ಮಹಾತ್ಮರ ಮಾತಿನಿಂದ ಹುಟ್ಟುತ್ತದೆ, ಒಂದು ಜನರ ಕಣ್ಣೀರಿನಿಂದ ಹುಟ್ಟುತ್ತದೆ, ಮತ್ತೊಂದು ಪಕ್ಕದ ಸಂಘದ ಮೇಲಿನ ಹೊಟ್ಟೆಕಿಚ್ಚಿನಿಂದ ಹುಟ್ಟುತ್ತದೆ. ನಾವೀಗ ಕೇಳಲಿರುವ ಸಮಿತಿ ಹುಟ್ಟಿದ್ದು ಬಚ್ಚಲುಮನೆಯ ಕಿಟಕಿಯ ಗಾಜು ಒಡೆದದ್ದರಿಂದ. ನಗುವವರು ನಗಲಿ. ಹುಟ್ಟಿದ ಜಾಗ ನೋಡಿ ಕಮಲವನ್ನು ಯಾರೂ ಮುಡಿಯದೆ ಬಿಟ್ಟಿಲ್ಲ.

ಬೋರ್ಡಣ್ಣನಿಗೆ ಆ ಹೆಸರು ಬಂದದ್ದು ಕಸುಬಿನಿಂದ. ಬೀದಿಯ ನಡುಮಧ್ಯದಲ್ಲಿ ಅವನ ಮನೆ. ಮನೆಯ ಮುಂದಿನ ಜಗಲಿಯೇ ಅಂಗಡಿ. ಬೆಳಗಾದರೆ ತಗಡನ್ನು ಗೋಡೆಗೆ ಒರಗಿಸಿ, ಬೀದಿಗೆ ಬೆನ್ನು ಕೊಟ್ಟು ಕೂತು, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅಕ್ಷರ ಬರೆಯುತ್ತಿದ್ದ. ಹೋಟೆಲು, ಹಲ್ಲಿನ ಡಾಕ್ಟರು, ಟೈಪಿಂಗ್ ಶಾಲೆ, ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಲ್ಲವೂ ಅವನ ಕೈಯಿಂದಲೇ. ಆ ಕುಂಚದಿಂದ ಎಷ್ಟು ಅಧ್ಯಕ್ಷರು ಅವತರಿಸಿದ್ದರೆಂದರೆ, ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಬೀದಿ ಸಾಲುತ್ತಿರಲಿಲ್ಲ. ‘ಅಧ್ಯಕ್ಷರು’ ಎಂದು ಬರೆಯುವಾಗ ಅವನ ಕೈ ಬೇರೆಯೇ ಆಗುತ್ತಿತ್ತು. ಆ ‘ಕ್ಷ’ದ ಹೊಟ್ಟೆಯನ್ನು ಅವನಷ್ಟು ತುಂಬುಗೆನ್ನೆಯಾಗಿ ಬರೆಯುವವರು ಸುತ್ತಮುತ್ತ ಇರಲಿಲ್ಲ. ಅವನನ್ನು ಮಾತ್ರ ಈ ಜನ್ಮದಲ್ಲಿ ಯಾರೂ ‘ಅಧ್ಯಕ್ಷರೇ’ ಎಂದು ಕರೆದಿರಲಿಲ್ಲ. ಹೆಂಡತಿ ‘ಏನ್ರೀ’ ಅನ್ನುತ್ತಿದ್ದಳು, ಅಕ್ಕ ‘ಲೋ’ ಅನ್ನುತ್ತಿದ್ದಳು, ಬೀದಿ ‘ಬೋರ್ಡಣ್ಣ’ ಅನ್ನುತ್ತಿತ್ತು. ಅಷ್ಟರಲ್ಲೇ ಆಯುಸ್ಸು ಅರ್ಧ ಮುಗಿದಿತ್ತು.

ಹೋದ ವರ್ಷ ಕೆಲವು ಮಹನೀಯರು ಬಂದು ‘ಸರ್ವಜನ ಹಿತ ಸಮಿತಿ’ ಎಂಬ ಭಾರೀ ತಗಡಿನ ಬೋರ್ಡು ಬರೆಯಲು ಹೇಳಿದ್ದರು. ಹಸಿರು ನೆಲ, ಹಳದಿ ಅಕ್ಷರ, ಕೆಂಪು ಅಂಚು. ಕೆಳಗಿನ ಸಾಲಿನಲ್ಲಿ ‘ಅಧ್ಯಕ್ಷರು:’ ಎಂದು ಬರೆದು, ಚುಕ್ಕೆಗಳೆರಡನ್ನೂ ಇಟ್ಟು, “ಹೆಸರು ಹೇಳಿ ಸ್ವಾಮಿ” ಎಂದು ಬೋರ್ಡಣ್ಣ ತಿರುಗಿ ನೋಡುವಷ್ಟರಲ್ಲಿ ಜಗಲಿಯ ಮೇಲೆ ಕುರುಕ್ಷೇತ್ರ ನಡೆಯುತ್ತಿತ್ತು. ಬಂದವರೆಲ್ಲರೂ ಅಧ್ಯಕ್ಷರಾಗಲು ಬಂದವರು. ಸದಸ್ಯನಾಗಲು ಬಂದವನು ಒಬ್ಬನೂ ಇರಲಿಲ್ಲ. ಸರ್ವಜನರ ಹಿತ ಅಲ್ಲಿಗೇ ಮುಗಿಯಿತು. ಬೋರ್ಡು ಜಗಲಿಯಲ್ಲೇ ಉಳಿಯಿತು. ಮಳೆಗಾಲದಲ್ಲಿ ಬಚ್ಚಲ ಕಿಟಕಿಯ ಗಾಜು ಒಡೆದು ಎರಚಲು ಒಳಗೆ ಬರತೊಡಗಿದಾಗ ಹೆಂಡತಿ ಆ ತಗಡನ್ನು ತೋರಿಸಿದಳು. ಅಳತೆ ಮಾಡಿಸಿದ ಹಾಗೆ ಕೂತಿತು. ಬಣ್ಣ ಬಳಿದ ಮೈ ಮಳೆ ತಡೆಯುತ್ತದೆಂದು ಅಕ್ಷರದ ಕಡೆಯನ್ನು ಹೊರಗೆ, ಪಕ್ಕದ ಸಂದಿಯ ಕಡೆಗೆ ಮಾಡಿ ಮೊಳೆ ಹೊಡೆದರು.

ಇಷ್ಟು ಪೀಠಿಕೆ. ಇನ್ನು ಕಥೆ.

ಒಂದು ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಒಬ್ಬ ಅಧಿಕಾರಿ ಜಗಲಿಯ ಮುಂದೆ ಬಂದು ನಿಂತರು. ಹೆಗಲಲ್ಲಿ ಚೀಲ, ಚಪ್ಪಲಿಯಲ್ಲಿ ಸುತ್ತಮುತ್ತಲ ಅಷ್ಟೂ ಬೀದಿಗಳ ಧೂಳು.

“ಸರ್ವಜನ ಹಿತ ಸಮಿತಿ ಇದೇ ಮನೇನಾ?”

ಬೋರ್ಡಣ್ಣ ಕುಂಚ ಎತ್ತಿಕೊಂಡೇ ತಿರುಗಿದ. “ಯಾವ...”

“ಪಕ್ಕದ ಸಂದಿಲಿ ಬೋರ್ಡು ನೋಡ್ದೆ. ಅಬ್ಬಾ, ಎಂಥಾ ಬೋರ್ಡು! ಎರಡು ವಾರದಿಂದ ಒಂದು ಸಂಘ ಹುಡುಕ್ತಾ ಅಲೀತಾ ಇದೀನಿ. ಒಂದು ಕಡೆ ಬಾಗಿಲಿಗೆ ಬೀಗ, ಇನ್ನೊಂದು ಕಡೆ ಬೀಗಕ್ಕೇ ತುಕ್ಕು.”

“ಸಾರ್, ಅದು ಬೋರ್ಡಲ್ಲ, ಅದು ನಮ್ಮ ಬಚ್ಚ...”

“ಅಧ್ಯಕ್ಷರ ಹೆಸರು ಮಾತ್ರ ಬರೆದಿಲ್ಲ. ತಾವೇ ಅಧ್ಯಕ್ಷರಾ?”

ಕುಂಚದಿಂದ ಒಂದು ಹನಿ ನೀಲಿ ಬಣ್ಣ ನೆಲಕ್ಕೆ ಬಿತ್ತು. ಸತ್ಯ ಗಂಟಲವರೆಗೆ ಬಂದಿತ್ತು. ಆದರೆ ‘ತಾವೇ ಅಧ್ಯಕ್ಷರಾ’ ಎಂಬ ಮಾತು ಕಿವಿಯಿಂದ ಇಳಿದು ಅಷ್ಟು ಹೊತ್ತಿಗೆ ಎದೆಯಲ್ಲಿ ಚಾಪೆ ಹಾಸಿ ಕೂತುಬಿಟ್ಟಿತ್ತು. ಎರಡೂ ಎದುರುಬದುರಾದವು. ಬೋರ್ಡಣ್ಣನ ಬಾಯಿಂದ ಬಂದದ್ದು ಇಷ್ಟೇ:

“ಬರೆಸ್ಕೊಳ್ಳೋದು ಚೆನ್ನಾಗಿರಲ್ಲ ಅಂತ...”

“ಎಂಥಾ ವಿನಯ!” ಎಂದು ಅಧಿಕಾರಿ ಅಲ್ಲೇ ಜಗಲಿಯ ಮೇಲೆ ಕೂತರು.

ಚಹಾ ಬಂತು. ಚಹಾದ ಜೊತೆ ವಿಷಯವೂ ಬಂತು. ಬೀದಿಯ ಮೂಡಣ ತುದಿಯಲ್ಲಿದ್ದ ಸರ್ಕಾರಿ ಚಿಕ್ಕ ಆಸ್ಪತ್ರೆಗೆ ಜನ ಬರುತ್ತಿಲ್ಲವಂತೆ. ಜನ ಬರದ ಆಸ್ಪತ್ರೆಯನ್ನು ಮುಚ್ಚಿ, ರೈಲು ಹಳಿಯಾಚೆಯ ದೊಡ್ಡ ಆಸ್ಪತ್ರೆಗೆ ಸೇರಿಸುವುದೆಂದು ಮೇಲಿನವರು ಯೋಚಿಸಿದ್ದಾರಂತೆ. ಆದರೆ ಈಗ ಹೊಸ ಯೋಜನೆ ಬಂದಿದೆ. ಎಲ್ಲಿ ಜನರದೇ ಒಂದು ಸಂಘ ಇಲಾಖೆಯ ಜೊತೆ ಕೈ ಜೋಡಿಸುತ್ತದೋ ಅಲ್ಲಿ ಆಸ್ಪತ್ರೆ ಉಳಿಯುತ್ತದೆ. ನರ್ಸು, ಔಷಧಿ ಸರ್ಕಾರದ್ದು, ಜನರ ಕಷ್ಟ ಕೇಳಿ ತಿಳಿಸುವುದು, ಬರಲಾಗದವರನ್ನು ಕರೆತರುವುದು ಸಂಘದ್ದು.

“ಕೈ ಜೋಡಿಸಬೇಕು ಅಧ್ಯಕ್ಷರೇ. ನೀವೊಂದು ಕೈ, ನಾವೊಂದು ಕೈ,” ಎಂದು ಅಧಿಕಾರಿ ತಮ್ಮವೇ ಎರಡೂ ಕೈ ಜೋಡಿಸಿ ತೋರಿಸಿದರು. ಅಂದಿನಿಂದ ಬೀದಿಯಲ್ಲಿ ಅವರ ಹೆಸರು ಕೈಜೋಡಿ ಸಾಹೇಬರು ಎಂದಾಯಿತು. “ಶುಕ್ರವಾರ ಸಂಜೆ ನಮ್ಮ ಮೇಡಂ ಬರ್ತಾರೆ. ನಿಮ್ಮ ಸಮಿತಿಯ ಸಭೆ ಕಣ್ಣಾರೆ ನೋಡ್ಬೇಕಂತೆ. ಶುಕ್ರವಾರ ಸಭೆ ಇರುತ್ತಲ್ಲ?”

“ಇರದೆ ಏನು!” ಎಂದ ಬೋರ್ಡಣ್ಣ. ಬಾಯಿಗೆ ಬಾಗಿಲಿಲ್ಲದ ಮನೆಯಲ್ಲಿ ಕಳ್ಳನೇ ಯಜಮಾನ.

ಸಾಹೇಬರು ಬೀದಿ ದಾಟುವುದನ್ನೇ ಕಾಯುತ್ತಿದ್ದ ಹೆಂಡತಿ ಬಾಗಿಲಿಗೆ ಬಂದಳು.

“ಏನ್ರೀ, ಸುಳ್ಳು ಹೇಳಿದ್ರಾ?”

“ಹೇಳಿಲ್ಲ ಕಣೇ. ಇಲ್ಲ ಅನ್ಲಿಲ್ಲ, ಅಷ್ಟೆ.”

“ಸಮಿತಿ ಎಲ್ಲಿದೆ?”

“ಬಚ್ಚಲಲ್ಲಿ.”

ಒಳಗಿನಿಂದ ಅಕ್ಕ ಕೂಗಿದಳು. “ಲೋ, ಬಾ ಇಲ್ಲಿ.”

ಅಕ್ಕ ಬೋರ್ಡಣ್ಣನನ್ನು ಎತ್ತಿ ಆಡಿಸಿದವಳು. ಸಕ್ಕರೆ ಕಾಯಿಲೆಯಿಂದ ಬಲಗಾಲಿನಲ್ಲಿ ಗಾಯವಾಗಿ ಬಹಳ ದಿನವಾಗಿತ್ತು. ದಿನಾ ಬೆಳಿಗ್ಗೆ ಕೋಲೂರಿಕೊಂಡು ಬೀದಿ ತುದಿಯ ಆಸ್ಪತ್ರೆಗೆ ಹೋಗಿ ನರ್ಸಮ್ಮನಿಂದ ಪಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದಳು. ಒಂದು ದಿನವೂ ತಪ್ಪಿಸಬಾರದು, ತಪ್ಪಿಸಿದರೆ ಬೆರಳು ಉಳಿಯುವುದಿಲ್ಲ ಎಂದು ನರ್ಸಮ್ಮ ಹೇಳಿದ್ದಳು.

“ನಿಜಾನೇನೋ, ಆಸ್ಪತ್ರೆ ಮುಚ್ತಾರಂತೆ?”

“ನಾಳೆ ಹೋಗಿ ಸಾಹೇಬರಿಗೆ ಇದ್ದದ್ದು ಹೇಳ್ಬಿಡ್ತೀನಕ್ಕ. ತಪ್ಪಾಯ್ತು ಅಂತ...”

“ಹೇಳಿದ್ರೆ?”

“ಮುಚ್ತಾರೆ.”

“ರೈಲು ಹಳಿ ಮೇಲಿನ ಸೇತುವೆ ಮೆಟ್ಟಿಲು ಹತ್ತೋದು ನನ್ನ ಕೈಲಾಗಲ್ಲ. ಕಾಲಲ್ಲಂತೂ ಆಗೋದೇ ಇಲ್ಲ.” ಅಕ್ಕ ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲೆ ಸರಿಮಾಡಿಕೊಂಡಳು. “ಈ ಗಾಯ ಈಗ ತಾನೆ ಬಾಯಿ ಮುಚ್ತಾ ಇದೆ. ಆಸ್ಪತ್ರೆ ಬಾಯಿ ಮುಚ್ಚಿದ್ರೆ ಇದು ಮತ್ತೆ ತೆರೆಯುತ್ತೆ. ಅಧ್ಯಕ್ಷ ಆಗಿದೀಯಲ್ಲ, ಸಮಿತಿ ಮಾಡು.”

“ಮೂರು ದಿನದಲ್ಲಿ ಹೇಗಕ್ಕ?”

“ಒಂದು ಕ್ಷಣದಲ್ಲಿ ಅಧ್ಯಕ್ಷ ಆದೆಯಲ್ಲ, ಹಾಗೆ.”

ಬೋರ್ಡಣ್ಣ ಜನ ಕೂಡಿಸಲು ಹೊರಟ. ಸಮಿತಿಗೆ ಬನ್ನಿ ಎಂದರೆ ಆ ಬೀದಿಯಲ್ಲಿ ನಾಯಿಯೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಯಾರಿಗೆ ಯಾವುದು ರುಚಿಯೋ ಅದನ್ನೇ ಬಡಿಸಿದ.

ಮೊದಲು ನಿವೃತ್ತ ಮೇಷ್ಟ್ರ ಮನೆ. ಮೇಷ್ಟ್ರಿಗೆ ಪದ್ಯ ಓದುವ ಹುಚ್ಚು. ಓದುವುದಷ್ಟೇ ಅಲ್ಲ, ಸ್ವಂತಕ್ಕೂ ಕಟ್ಟುತ್ತಿದ್ದರು. ಸಾಲು ಸಾಲಿಗೂ ‘ಹೂಂ’ ಅನ್ನುವವರಿಲ್ಲದೆ ಸ್ವರ ಒಣಗಿಹೋಗಿತ್ತು. ಮನೆಯವರು ಅವರು ಕನ್ನಡಕ ಹಾಕಿಕೊಂಡ ಕೂಡಲೇ ಎದ್ದು ಹೋಗುತ್ತಿದ್ದರು.

“ಮೇಷ್ಟ್ರೇ, ಶುಕ್ರವಾರ ಸಂಜೆ ನಮ್ಮ ಜಗಲೀಲಿ ನಿಮ್ಮ ವಾಚನ. ಹೊರಗಿಂದ ದೊಡ್ಡವರು ಕೇಳೋಕೆ ಬರ್ತಾರೆ.”

ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಅರ್ಥ ಹೇಳ್ಲಾ, ಬರೀ ಪದ್ಯಾನಾ?”

“ಚಿಕ್ಕದಾಗಿ ಅರ್ಥ.”

“ಚಿಕ್ಕದು ಅಂದ್ರೆ ಒಂದು ಗಂಟೆ ಸಾಕಲ್ಲ?”

ಆಮೇಲೆ ಪಡುವಣ ತುದಿಯ ಇಸ್ತ್ರಿಯವನು. ಅವನು ಸದಾ ಕೆಂಡದ ಹಾಗೇ ಇರುತ್ತಿದ್ದ; ಸರ್ಕಾರದ ಮೇಲೆ ಅವನಿಗೆ ತೀರದ ಒಂದು ದೂರಿತ್ತು, ಕೇಳುವವರಿರಲಿಲ್ಲ.

“ಶುಕ್ರವಾರ ಸಂಜೆ ಸರ್ಕಾರದೋರು ನಮ್ಮ ಜಗಲಿಗೇ ಬರ್ತಾರೆ. ನಿನ್ನ ದೂರು ಹೇಳ್ಕೋ.”

“ಎಷ್ಟು ಗಟ್ಟಿಯಾಗಿ ಹೇಳ್ಬಹುದು?”

“ನಿನ್ನಿಷ್ಟ.”

ಎದುರುಮನೆಯ ಅತ್ತೆಗೆ ಏನೂ ಹೇಳಬೇಕಾಗಲಿಲ್ಲ. “ಅತ್ತೇ, ಶುಕ್ರವಾರ ಸಂಜೆ ಮಾತ್ರ ನೀವು ನಮ್ಮ ಕಡೆ ಬರಬೇಡಿ, ಒಂದು ಗುಟ್ಟಿನ ವಿಷಯ ಇದೆ,” ಎಂದು ಬಂದ. ಆ ಒಂದು ಮಾತಿಗೆ ಬೀದಿಯ ಅರ್ಧ ಜನ ಖಾತ್ರಿಯಾದರು.

ಶುಕ್ರವಾರ ಬಂತು. ಹೆಂಡತಿ ಜಗಲಿಯಿಂದ ಬಣ್ಣದ ಡಬ್ಬಗಳನ್ನು ಎತ್ತಿ ಚಾಪೆ ಹಾಸಿದಳು. ಬೋರ್ಡಣ್ಣ ಒಗೆದ ಅಂಗಿ ತೊಟ್ಟು, ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು ನೋಡಿದ. ಅಕ್ಕ ಬಂದು, “ಏಳೋ, ಕಾಲು ಇಳಿಬಿಟ್ಟು ಕೂರ್ಬೇಕು ನಾನು,” ಎಂದು ಕುರ್ಚಿಯನ್ನು ಕಿತ್ತುಕೊಂಡಳು. ಅಧ್ಯಕ್ಷರು ಬಣ್ಣದ ಡಬ್ಬದ ಮೇಲೆ ಆಸೀನರಾದರು.

ಕೈಜೋಡಿ ಸಾಹೇಬರ ಹಿಂದೆ ಮೇಡಂ ಬಂದರು. ಗಟ್ಟಿ ಹೆಜ್ಜೆಯ, ಕಡಿಮೆ ಮಾತಿನ ಹೆಂಗಸು. ಕೊಟ್ಟ ಮಣೆಯನ್ನು ಪಕ್ಕಕ್ಕಿಟ್ಟು ಚಾಪೆಯ ಮೇಲೇ ಕೂತರು. ಜಗಲಿ ತುಂಬಿ, ಮೆಟ್ಟಿಲು ತುಂಬಿ, ಜನ ಬೀದಿಗೆ ಇಳಿದಿದ್ದರು. ಗುಟ್ಟು ಅಷ್ಟು ಚೆನ್ನಾಗಿ ಹಬ್ಬಿತ್ತು.

“ಸಭೆ ಶುರು ಮಾಡಿ ಅಧ್ಯಕ್ಷರೇ,” ಎಂದರು ಸಾಹೇಬರು.

ಸಭೆ ಹೇಗೆ ಶುರುವಾಗುತ್ತದೆಂದು ಬೋರ್ಡಣ್ಣನಿಗೆ ಗೊತ್ತಿರಲಿಲ್ಲ. ಅವನು ಸಭೆಗಳ ಬ್ಯಾನರು ಬರೆದವನು, ಒಳಗೆ ಹೋದವನಲ್ಲ. ಅವನು ಗಂಟಲು ಸರಿಮಾಡಿಕೊಂಡದ್ದೇ ತಡ, ಅದನ್ನೇ ಸೂಚನೆಯೆಂದುಕೊಂಡು ಮೇಷ್ಟ್ರು ಕಣ್ಣು ಮುಚ್ಚಿ ರಾಗ ಎತ್ತಿದರು:

“ಕಾಲ ಚುಚ್ಚಿದ ಮುಳ್ಳಿಗೆ ಕಣ್ಣು ನೀರಿಡಲು
ಕೈಯಿಳಿದು ಕಿತ್ತೊಡನೆ ಮೈ ನಗುವುದಯ್ಯ;
ಒಂದರಳಲೊಂದರಿಯದಿರಲದು ದೇಹವೇನು?
ಒಬ್ಬರಳಲೊಬ್ಬರರಿಯದಿರಲದೂರೇನು?”

“ಹೂಂ,” ಎಂದಳು ಅಕ್ಕ, ಕಾಲು ನೀವಿಕೊಳ್ಳುತ್ತ. ಅವಳಿಗೆ ಆ ಪದ್ಯದ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ.

ಮೇಡಂ ಸಾಹೇಬರ ಕಡೆ ವಾಲಿದರು. “ಪ್ರತಿ ಸಭೆಗೂ ಪ್ರಾರ್ಥನೆ ಇದೆಯಾ?”

“ಇದೆ ಮೇಡಂ. ಶಿಸ್ತು ನೋಡಿ!” ಎಂದರು ಸಾಹೇಬರು, ತಮಗೂ ಈಗ ತಾನೇ ತಿಳಿದದ್ದನ್ನು.

“ಇನ್ನು ಅರ್ಥ,” ಎಂದು ಮೇಷ್ಟ್ರು ಕಣ್ಣು ತೆರೆದರು. “ಮೊದಲನೆಯದಾಗಿ, ಮುಳ್ಳು ಎಂದರೇನು?”

“ಮುಳ್ಳು ಅಂದ್ರೆ ಸರ್ಕಾರ!” ಎಂದು ಮೆಟ್ಟಿಲಿನಿಂದ ಇಸ್ತ್ರಿಯವನು ಎದ್ದು ನಿಂತ. ಸಾಹೇಬರ ಕೈ ಜೋಡಿಸಿದಲ್ಲಿಯೇ ನಿಂತಿತು. “ನಂದು ಮೊದಲು ಕೇಳಿ. ನಾನು ಬಟ್ಟೆ ಇಸ್ತ್ರಿ ಮಾಡೋನು. ನನ್ನ ಹತ್ರ ಸರ್ಕಾರ ಯಾಕೆ ಜ್ವರದೋರನ್ನ ಕಳಿಸುತ್ತೆ?”

“ಯಾರು ಕಳಿಸಿದ್ದು?” ಎಂದರು ಮೇಡಂ.

“ನೀವೇ! ವರ್ಷಾನುಗಟ್ಟಲೆ ಆಯ್ತು. ಬೇರೆ ಬೀದಿಯೋರು ಬರ್ತಾರೆ. ನನ್ನ ಗಾಡಿ ಮುಂದೆ ಸಾಲು ನಿಲ್ತಾರೆ. ಒಬ್ಬಮ್ಮ ಮಗೂನ ಎತ್ಕೊಂಡು ಬಂದು ‘ಬಾಯಿ ತೆಗಿ ಕಂದಾ, ಡಾಕ್ಟ್ರಿಗೆ ತೋರ್ಸು’ ಅಂದ್ಲು. ಆ ಮಗು ನಂಗೆ ‘ಆ’ ಅಂತ ನಾಲಿಗೆ ತೋರಿಸ್ತು ಸ್ವಾಮಿ! ನಾನು ಏನು ಮಾಡ್ಲಿ? ನಾನೂ ‘ಆ’ ಅಂದೆ.”

“ಗುಣ ಆಯ್ತಾ?” ಎದುರುಮನೆಯ ಅತ್ತೆ ಕೇಳಿದಳು.

“ಮಗು ನಕ್ತು. ಸೊಂಟನೋವಿನೋರು ಬಂದ್ರೆ ಬಿಸಿ ಮಾಡಿದ ಬಟ್ಟೆ ಇಟ್ಟು ಕಳಿಸ್ತೀನಿ. ಇಬ್ರು ವಾಪಸ್ ಬಂದು ಕೈ ಮುಗಿದು ಹೋದ್ರು. ಮಿಕ್ಕೋರು ಬೈಕೊಂಡು ಔಷಧಿ ಅಂಗಡಿಗೆ ಹೋಗ್ತಾರೆ. ಎಲ್ರದೂ ಒಂದೇ ಮಾತು. ‘ಆಸ್ಪತ್ರೆಗೆ ಇದೇ ದಾರಿ ಅಂತ ಸರ್ಕಾರದ ಬಾಣ ತೋರಿಸ್ತು’ ಅಂತ.”

ಎಲ್ಲರ ಕತ್ತೂ ಒಟ್ಟಿಗೆ ಎದುರುಸಾಲಿನ ಕಂಬದ ಕಡೆ ತಿರುಗಿತು. ಅಲ್ಲಿ ನೀಲಿ ತಗಡಿನ ಮೇಲೆ ‘ಸರ್ಕಾರಿ ಆಸ್ಪತ್ರೆ’ ಎಂದು ಬರೆದು, ಕೆಳಗೆ ಬಂಗಾರದ ಅಂಚಿನ, ನವಿಲುಗರಿಯಂಥ ಬಾಲದ ಒಂದು ಸೊಗಸಾದ ಬಾಣವಿತ್ತು. ಬೀದಿಯವರೆಲ್ಲ ದಿನಾ ಅದರ ಕೆಳಗೇ ಓಡಾಡುವವರು. ಆದರೆ ತಮ್ಮ ಬೀದಿಯಲ್ಲಿ ದಾರಿ ಕೇಳುವವರು ಯಾರು? ಬಾಣವನ್ನು ಯಾರೂ ನೋಡಿರಲಿಲ್ಲ. ಈಗ ನೋಡಿದರು. ಆಸ್ಪತ್ರೆ ಇದ್ದದ್ದು ಮೂಡಣಕ್ಕೆ. ಬಾಣ ಬಲು ಠೀವಿಯಿಂದ ಪಡುವಣಕ್ಕೆ, ಇಸ್ತ್ರಿ ಗಾಡಿಯ ಕಡೆಗೆ, ಹೊರಟಿತ್ತು.

“ಇದನ್ನ ಬರೆದ ಮಹಾನುಭಾವ ಯಾರು?” ಎಂದರು ಮೇಡಂ.

ಬೀದಿಯಲ್ಲಿ ಬೋರ್ಡು ಬರೆಯುವವನು ಒಬ್ಬನೇ. ಎಲ್ಲರ ಕತ್ತೂ ಮತ್ತೆ ಒಟ್ಟಿಗೆ ತಿರುಗಿತು.

“ಸರಿಯಾಗೇ ಬರೆದಿದ್ದೆ!” ಎಂದು ಬೋರ್ಡಣ್ಣ ಡಬ್ಬದಿಂದ ಎದ್ದ. “ದೇವರಾಣೆ! ಇಲ್ಲೇ ಕೂತು, ಈ ಗೋಡೆಗೆ ಒರಗಿಸಿ, ಆಸ್ಪತ್ರೆ ಎಲ್ಲಿದೆ ಅಂತ ಎದ್ದು ನೋಡಿ, ಅದೇ ಕಡೆಗೇ ಬಾಣ ಬಿಟ್ಟೆ. ನೋಡಿ, ಹೀಗೆ!” ಒಂದು ಖಾಲಿ ತಗಡನ್ನು ಎತ್ತಿ ಗೋಡೆಗೆ ಒರಗಿಸಿ, ಸೀಮೆಸುಣ್ಣದಲ್ಲಿ ಬಾಣ ಬರೆದ. ಅದು ಸರಿಯಾಗಿ ಆಸ್ಪತ್ರೆಯ ಕಡೆಗೇ ತೋರಿಸುತ್ತಿತ್ತು.

ಹೆಂಡತಿ ಆ ತಗಡನ್ನು ಎತ್ತಿಕೊಂಡು ಬೀದಿ ದಾಟಿದಳು. ಎದುರುಸಾಲಿನ ಕಂಬಕ್ಕೆ ಬೆನ್ನು ಕೊಟ್ಟು, ತಗಡನ್ನು ಎದೆಗೆ ಹಿಡಿದು, ಗಂಡನ ಕಡೆಗೆ ಮುಖ ಮಾಡಿ ನಿಂತಳು. ಬಾಣ ಇಸ್ತ್ರಿ ಗಾಡಿಯನ್ನು ತೋರಿಸಿತು.

“ಅಯ್ಯೋ!” ಎಂದ ಬೋರ್ಡಣ್ಣ.

“ಅಯ್ಯೋ ಅಂತ ಈಗ ಅಂದ್ರಾ?” ಎಂದು ಅವಳು ಬೀದಿಯಾಚೆಯಿಂದ ಕೂಗಿದಳು. “ಇದನ್ನ ಎದುರುಸಾಲಿಗೆ ಹಾಕ್ತಾರೆ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಕಣೇ. ಗೊತ್ತಿದ್ದದ್ದು ನೆನಪಿರಲಿಲ್ಲ.”

ಬೀದಿ ನಕ್ಕಿತು. ಇಸ್ತ್ರಿಯವನೊಬ್ಬ ಮಾತ್ರ ನಗಲಿಲ್ಲ. “ಹಾಗಾದ್ರೆ ನಾನು ಇಷ್ಟು ದಿನ ಡಾಕ್ಟ್ರಾಗಿದ್ದು ನಿನ್ನಿಂದಾನಾ?” ಎಂದು ಸೀದಾ ಜಗಲಿ ಹತ್ತಿದ. ಮೇಷ್ಟ್ರು ನಡುವೆ ಬಂದು, “ಮುಳ್ಳು ಎಂದರೇನು ಎಂಬುದನ್ನು ಹೇಳಿಬಿಟ್ಟರೆ ಈ ಜಗಳವೇ ಇರುವುದಿಲ್ಲ,” ಎಂದರು. ಎದುರುಮನೆಯ ಅತ್ತೆ, “ಗುಟ್ಟು ಅಂದ್ರೆ ಇಷ್ಟೇನಾ?” ಎಂದು ನಿರಾಶೆಯಿಂದ ಕೇಳಿದಳು. ಕೈಜೋಡಿ ಸಾಹೇಬರು ಯಾರ ಕೈಯನ್ನು ಯಾರ ಕೈಗೆ ಜೋಡಿಸಬೇಕೆಂದು ತಿಳಿಯದೆ ತಮ್ಮ ಕೈಯನ್ನೇ ಹಿಸುಕಿಕೊಳ್ಳುತ್ತಿದ್ದರು.

ಮೇಡಂ ಧ್ವನಿ ಎತ್ತಲಿಲ್ಲ. “ಒಂದು ಪ್ರಶ್ನೆ. ಈ ಸಮಿತಿ ಮೊದಲಿಂದ ಇದ್ದಿದ್ರೆ, ಈ ಬಾಣ ಇವತ್ತಿನವರೆಗೆ ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ?”

ಬೋರ್ಡಣ್ಣ ಬಾಯಿ ತೆರೆದ. ಏನು ಹೇಳಿದರೂ ಇನ್ನೊಂದು ಸುಳ್ಳು. ಸುಮ್ಮನಿದ್ದರೆ ಆಸ್ಪತ್ರೆಗೆ ಬೀಗ. ಅವನು ಅಕ್ಕನ ಕಾಲಿನ ಬಿಳಿ ಪಟ್ಟಿಯನ್ನು ನೋಡಿದ, ಮೇಡಂ ಮುಖ ನೋಡಿದ.

ಅಕ್ಕ ಕೋಲೂರಿ ಎದ್ದಳು. “ಸಮಿತಿ ಇಲ್ಲ ತಾಯಿ. ನೀವು ನೋಡಿದ ಬೋರ್ಡು ನಮ್ಮ ಬಚ್ಚಲ ಕಿಟಕಿಗೆ ಅಡ್ಡ ಹೊಡೆದಿರೋದು. ಮಳೆ ಎರಚಲು ಬರುತ್ತೆ ಅಂತ. ನನ್ನ ತಮ್ಮನ್ನ ಯಾರೂ ಅಧ್ಯಕ್ಷ ಅಂದಿರ್ಲಿಲ್ಲ, ನಿಮ್ಮ ಸಾಹೇಬರು ಅಂದ್ರು, ಪಾಪ, ಕರಗಿಬಿಟ್ಟ. ಅವನ ತಪ್ಪಿಗೆ ನನ್ನ ಕಾಲಿನ ಮೇಲೆ ಬೀಗ ಹಾಕ್ಬೇಡಿ.”

ಸಾಹೇಬರು ಪೂರಾ ಬಿಳಿಚಿಕೊಂಡರು. “ಬಚ್ಚಲಾ?” ಎಂದರು ಸಣ್ಣಗೆ.

ಮೇಡಂ ಎದ್ದು, ಪಕ್ಕದ ಸಂದಿಗೆ ಹೋಗಿ, ಬೋರ್ಡನ್ನು ಮೇಲಿನಿಂದ ಕೆಳಗೆ ನೋಡಿದರು. ಒಳಗಿನ ನಲ್ಲಿಯಿಂದ ಹನಿ ಬೀಳುವುದು ಹೊರಗೆ ಕೇಳುತ್ತಿತ್ತು. ಅವರು ತಿರುಗಿ ಬಂದಾಗ ತುಟಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಸಿಟ್ಟೆಂದು ಎಲ್ಲರೂ ತಿಳಿದರು. ಅದು ನಗು.

“ನೋಡಿ,” ಎಂದರು, “ನಾನು ಬೇಕಾದಷ್ಟು ಸಂಘ ನೋಡಿದೀನಿ. ಬೋರ್ಡು ಇರುತ್ತೆ, ಹಿಂದೆ ಜನ ಇರಲ್ಲ. ಇಲ್ಲಿ ಇಷ್ಟು ಜನ ಇದೀರಿ, ಬೋರ್ಡು ಮಾತ್ರ ಬಚ್ಚಲಲ್ಲಿದೆ. ಆಸ್ಪತ್ರೆಗೆ ಜನ ಯಾಕೆ ಬರಲ್ಲ ಅಂತ ನಮ್ಮ ಕಚೇರಿಲಿ ಇಡೀ ವರ್ಷ ತಲೆ ಕೆಡಿಸ್ಕೊಂಡ್ವಿ. ಈ ಜಗಲೀಲಿ ಒಂದು ಪದ್ಯ ಮುಗಿಯೋದ್ರೊಳಗೆ ಗೊತ್ತಾಯ್ತು. ಆ ಬೋರ್ಡು ಕೀಳಿ. ನಿಜವಾದ ಸಮಿತಿ ಮಾಡಿ. ಮೂರು ತಿಂಗಳು ಆಸ್ಪತ್ರೆ ತೆರೆದೇ ಇರುತ್ತೆ. ಬಾಣ ತಿರುಗಿಸಿ, ಜನ ಬಂದ್ರೆ ಅದನ್ನ ಮುಚ್ಚೋ ಮಾತೇ ಇಲ್ಲ.”

“ಹೂಂ,” ಎಂದಿತು ಇಡೀ ಬೀದಿ. ಮೇಷ್ಟ್ರಿಗೆ ಅದು ತಮ್ಮ ಪದ್ಯಕ್ಕೇ ಬಂದ ಹೂಂಕಾರವೆನ್ನಿಸಿ ಕಣ್ಣು ತುಂಬಿತು.

ಸಮಿತಿ ಅಲ್ಲೇ ಹುಟ್ಟಿತು. ನಡೆಯಲಾಗದವರನ್ನು ಬಟ್ಟೆ ಇಳಿಸಿದ ಇಸ್ತ್ರಿ ಗಾಡಿಯಲ್ಲಿ ಕೂರಿಸಿ ಆಸ್ಪತ್ರೆಗೆ ಮುಟ್ಟಿಸುವುದು ತನ್ನ ಜವಾಬ್ದಾರಿ ಎಂದು ಇಸ್ತ್ರಿಯವನು ಹೇಳಿದ. ಹೇಗೂ ರೋಗಿಗಳ ಪರಿಚಯ ಇತ್ತು. ಆಸ್ಪತ್ರೆಯಲ್ಲಿ ಸರದಿ ಕಾಯುವವರಿಗೆ ಪದ್ಯ ಓದುವುದು ಮೇಷ್ಟ್ರದು. ಅಲ್ಲಿಂದ ಎದ್ದು ಹೋಗುವ ಹಾಗಿಲ್ಲವಲ್ಲ. ಹೊಸ ಔಷಧಿ ಬಂದ ಸುದ್ದಿ ಬೀದಿಗೆ ಮುಟ್ಟಿಸುವ ಕೆಲಸ ಎದುರುಮನೆಯ ಅತ್ತೆಗೆ. ನರ್ಸಮ್ಮ ಅದನ್ನು ಅವಳ ಕಿವಿಯಲ್ಲಿ ಗುಟ್ಟಾಗಿ ಹೇಳಿದರೆ ಸಾಕು ಎಂದು ತೀರ್ಮಾನವಾಯಿತು.

“ಅಧ್ಯಕ್ಷರು?” ಎಂದರು ಕೈಜೋಡಿ ಸಾಹೇಬರು.

ಬೋರ್ಡಣ್ಣ ತಲೆ ತಗ್ಗಿಸಿ, ಅಂಗಿಯ ಗುಂಡಿಯೊಂದನ್ನು ತಿರುಗಿಸುತ್ತ ನಿಂತ. ವಿನಯ ತೋರಿಸಲು ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ.

“ಆಸ್ಪತ್ರೆಗೆ ದಿನಾ ಹೋಗೋರು ಅಕ್ಕ ಒಬ್ಬರೇ,” ಎಂದ ಇಸ್ತ್ರಿಯವನು. “ಅವರೇ ಆಗ್ಲಿ.”

“ಆಗ್ಲಿ ಆಗ್ಲಿ,” ಎಂದರು ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಬೋರ್ಡಣ್ಣನ ಹೆಂಡತಿ.

ಮರುದಿನ ಬೋರ್ಡಣ್ಣ ಎರಡು ಕೆಲಸ ಮಾಡಿದ. ಕಂಬದ ಬುಡದಲ್ಲೇ ಕೂತು, ಮೇಲೆ ನೋಡಿ, ಕೆಳಗೆ ನೋಡಿ, ಹೆಂಡತಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ ಕೈ ಎತ್ತಿಸಿ, ಅವಳ ಕೈಗೇ ಗುರಿಯಿಟ್ಟು ಬಾಣ ಬರೆದ. ಆಮೇಲೆ ಬಚ್ಚಲ ಕಿಟಕಿಯಿಂದ ದೊಡ್ಡ ಬೋರ್ಡನ್ನು ಕಿತ್ತು ಒರೆಸಿ, ‘ಅಧ್ಯಕ್ಷರು:’ ಎಂಬುದರ ಮುಂದೆ ವರ್ಷದಿಂದ ಖಾಲಿ ಬಿದ್ದಿದ್ದ ಜಾಗದಲ್ಲಿ ಅಕ್ಕನ ಹೆಸರನ್ನು ಹಳದಿ ಬಣ್ಣದಲ್ಲಿ ತುಂಬಿದ. ಬರೆದು ಮುಗಿಸಿ ಹಿಂದೆ ಸರಿದು ನೋಡಿದಾಗ, ತಾನು ಬರೆದ ಅಷ್ಟೂ ಅಧ್ಯಕ್ಷರಲ್ಲಿ ಕೋಲೂರಿಕೊಂಡು ಕೆಲಸಕ್ಕೆ ಹೋಗುವವಳು ಇವಳೊಬ್ಬಳೇ ಎನ್ನಿಸಿತು.

ಬೋರ್ಡು ಆಸ್ಪತ್ರೆಯ ಗೋಡೆ ಏರಿತು. ಹೊಸ ಬಾಣ ಹಿಡಿದು ಪಕ್ಕದ ಬೀದಿಯವರು ಬರತೊಡಗಿದರು. ಮೂರು ತಿಂಗಳು ತುಂಬುವ ಹೊತ್ತಿಗೆ ಸಾಲು ಬಾಗಿಲ ಹೊರಗೆ ಬಂದಿತ್ತು. ಅಕ್ಕನ ಗಾಯ ಬಾಯಿ ಮುಚ್ಚಿತು. ಅಧ್ಯಕ್ಷತನ ಬಂದ ಮೇಲೆ ಅಕ್ಕನ ಬಾಯಿ ಮಾತ್ರ ತೆರೆಯಿತು. ಕೈಜೋಡಿ ಸಾಹೇಬರು ಬೇರೆ ಬೀದಿಗಳಿಗೆ ಸಂಘ ಹುಡುಕಲು ಹೊರಟಾಗ ಮೊದಲು ಬಚ್ಚಲ ಕಡೆ ನೋಡುವ ಅಭ್ಯಾಸ ಮಾಡಿಕೊಂಡರಂತೆ.

ಬಚ್ಚಲ ಕಿಟಕಿ ಮತ್ತೆ ಬರಿದಾಗಿತ್ತಲ್ಲ, ಅದಕ್ಕೆ ಬೋರ್ಡಣ್ಣ ಒಂದು ಹೊಸ ತಗಡು ಕತ್ತರಿಸಿ ಹೊಡೆದ. ಹೊರಗಡೆ ಬರೀ ಹಸಿರು ಬಣ್ಣ. ಬರಹವನ್ನು ಈ ಸಲ ಒಳಗಡೆಗೆ ಇಟ್ಟಿದ್ದ. ಕೆಂಪು ಅಂಚು, ಬಂಗಾರದ ಅಕ್ಷರ, ‘ಅಧ್ಯಕ್ಷರು:’ ಎಂದು ತುಂಬುಗೆನ್ನೆಯ ‘ಕ್ಷ’, ಮುಂದೆ ತನ್ನದೇ ಹೆಸರು. ನೀರು ಹುಯ್ದುಕೊಳ್ಳುತ್ತ ಓದಿಕೊಳ್ಳುವಷ್ಟು ಎತ್ತರಕ್ಕೆ ಸರಿಯಾಗಿ.

ಈಗ ಅವನ ಸ್ನಾನ ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತದೆ. ಅಕ್ಕ ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ಕೋಲಿನಿಂದ ಬಚ್ಚಲ ಬಾಗಿಲು ತಟ್ಟುತ್ತಾಳೆ.

“ಲೋ ಅಧ್ಯಕ್ಷರೇ, ಸಭೆ ಮುಗೀತಾ? ಬೇರೆಯೋರಿಗೂ ಬಿಸಿನೀರು ಬೇಕು!”

ಒಳಗಿನಿಂದ ಬಲು ಗಂಭೀರವಾದ ದನಿ ಬರುತ್ತದೆ: “ಹೂಂ.”